ಕೆಳಕೇರಿಯ ಕೆಂಡ

ಎಂಥ ಮೈಲಿಗೆಯ ಬೆಂಕಿಯೂ ಕಾಮನನ್ನು ಸುಟ್ಟ ಮೇಲೆ ಮಡಿಯಾಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಮಠದಲ್ಲಿ ಓದುತ್ತಿದ್ದ ಬಾಳಯ್ಯನೂ ನಂಬಿದ್ದ. ನಂಬಿದ್ದರಿಂದ ಅವನಿಗೆ ಯಾವ ತೊಂದರೆಯೂ ಆಗಿರಲಿಲ್ಲ. ತೊಂದರೆ ಶುರುವಾದದ್ದು ಹೋಳಿ ಹುಣ್ಣಿಮೆಯ ಬೆಳಿಗ್ಗೆ, ಅವನ ಕೈಗೆ ತಾಮ್ರದ ಗಿಂಡಿ ಬಂದಾಗ.

ಗಿಂಡಿಯ ಕೆಲಸ ಇಷ್ಟೇ. ಸಂಜೆ ಕೆಳಕೇರಿಯಿಂದ ಬೆಂಕಿ ಬರುತ್ತದೆ. ಅದು ಕಾಮನ ಕಟ್ಟೆಯನ್ನು ಮುಟ್ಟುವ ಮೊದಲು ಮಠದವನೊಬ್ಬ ಅದರ ಮೇಲೆ ತೀರ್ಥ ಚಿಮುಕಿಸಬೇಕು. ಇಷ್ಟು ವರ್ಷ ಹಿರಿಯ ಶಿಷ್ಯನೊಬ್ಬ ಚಿಮುಕಿಸುತ್ತಿದ್ದ. ಅವನು ಬೇರೆ ಮಠಕ್ಕೆ ಹೋದ. ಈ ವರ್ಷ ಬಾಳಯ್ಯನ ಸರದಿ.

ಬಾಳಯ್ಯ ಗಿಂಡಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿದ. ತಿಕ್ಕುತ್ತ ಯೋಚಿಸಿದ. ಅಲ್ಲಿಗೆ ಕೆಲಸ ಕೆಟ್ಟಿತು. ಗಿಂಡಿ ಹಿಡಿದುಕೊಂಡೇ ಗುರುಗಳ ಎದುರು ಹೋಗಿ ನಿಂತ.

“ಗುರುಗಳೇ, ಬೆಂಕಿಯ ಮೇಲೆ ನೀರು ಚಿಮುಕಿಸಿದರೆ ಬೆಂಕಿಯಿಂದ ಹೋಗುವುದು ಏನು?”

ಗುರುಗಳು ಬಿಸಿಲಿಗೆ ಕಾಲು ಚಾಚಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. “ಹೆಚ್ಚು ಚಿಮುಕಿಸಿದರೆ ಬೆಂಕಿಯೇ ಹೋಗುತ್ತದೆ,” ಎಂದರು.

“ನಾನು ಕೇಳಿದ್ದು ಮೈಲಿಗೆಯ ಮಾತು.”

“ಗೊತ್ತಾಯಿತು.”

“ನೀರಿನಿಂದ ಮೈಲಿಗೆ ಹೋಗುತ್ತದೆ ಎನ್ನುತ್ತಾರೆ. ಬೆಂಕಿಯೇ ಎಲ್ಲವನ್ನೂ ಶುದ್ಧ ಮಾಡುತ್ತದೆ ಎಂದೂ ಅವರೇ ಎನ್ನುತ್ತಾರೆ. ಕಾಮನನ್ನು ಸುಟ್ಟಾಗ ಮಾತ್ರ ಹೋಗುತ್ತದೆ ಎಂದು ಮತ್ತೆ ಅವರೇ. ನೀರು ಸಾಕಾದರೆ ಬೆಂಕಿ ಯಾಕೆ? ಬೆಂಕಿ ಸಾಕಾದರೆ ನಾನು ಯಾಕೆ? ಸಂಜೆ ಇಡೀ ಊರಿನೆದುರು ನಿಲ್ಲಬೇಕು. ಏನು ಮಾಡುತ್ತಿದ್ದೇನೆಂದು ತಿಳಿಯದೆ ನಿಲ್ಲಲಾರೆ. ನೀವು ಹೇಳದಿದ್ದರೆ ಗಿಂಡಿಯನ್ನು ಇಲ್ಲೇ ಇಟ್ಟುಬಿಡುತ್ತೇನೆ.”

ಗುರುಗಳು ಎಣ್ಣೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. “ಕೂತುಕೋ. ಈ ಹಬ್ಬದ ಅರ್ಥವನ್ನು ಚೆನ್ನಾಗಿ ತಿಳಿದಿದ್ದ ಒಂದು ಊರಿತ್ತು. ಅದರ ಕತೆ ಹೇಳುತ್ತೇನೆ.”

ಬಾಳಯ್ಯ ಕೂತ. ಗಿಂಡಿಯನ್ನು ನೆಲಕ್ಕಿಡಲೋ ಬೇಡವೋ ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

ಆ ಊರಿನಲ್ಲಿ ಮೇಲುಕೇರಿ, ಕೆಳಕೇರಿ ಎಂದು ಎರಡು ಭಾಗ. ಕೆಳಕೇರಿಯ ನೀರು ಮೇಲುಕೇರಿಗೆ ಬರುವುದಿಲ್ಲ. ಅನ್ನ ಬರುವುದಿಲ್ಲ. ನೆರಳು ಬಂದರೂ ಜನ ಸರಿದು ನಿಲ್ಲುತ್ತಾರೆ. ಬರುವುದು ಎರಡೇ: ದಿನವೂ ದುಡಿಯುವ ಕೈಗಳು, ವರ್ಷಕ್ಕೊಮ್ಮೆ ಬೆಂಕಿ.

ಬೆಂಕಿ ಬರುವುದಕ್ಕೆ ಕಾರಣವಿತ್ತು. ಶಿವ ಕಣ್ಣು ತೆರೆದು ಕಾಮನನ್ನು ಸುಟ್ಟ ದಿನ ಅದು. ಅಂದಮೇಲೆ ಕಟ್ಟೆಯ ಮೇಲೆ ಕೂರಿಸಿದ ಬಣ್ಣದ ಗೊಂಬೆ ಒಂದು ಹೆಣ. ಹೆಣಕ್ಕೆ ಇಡುವ ಬೆಂಕಿಯನ್ನು ಮೇಲುಕೇರಿಯ ಒಲೆಯಿಂದ ಕೊಟ್ಟರೆ ಆ ಒಲೆಗೆ ಸೂತಕ ಬರುತ್ತದೆ. ಯಾರ ಒಲೆಗೂ ಸೂತಕ ಬರಬಾರದೆಂದು ಹಿಂದಿನವರು ಕೂತು ಯೋಚಿಸಿ ಕೆಳಕೇರಿಯ ಒಂದು ಮನೆಯನ್ನು ಗೊತ್ತುಮಾಡಿದ್ದರು. ಅದು ಊರಿನ ಸೂಲಗಿತ್ತಿಯ ಮನೆ. ಅಲ್ಲಿಯ ಒಲೆಗೆ ಸೂತಕ ಬಂದರೆ ಏನು ಎಂದು ಹಿಂದಿನವರು ಯೋಚಿಸಲಿಲ್ಲ. ಅಷ್ಟು ಹೊತ್ತಿಗೆ ಊಟದ ವೇಳೆಯಾಗಿದ್ದಿರಬೇಕು.

ಹುಣ್ಣಿಮೆಯ ದಿನ ಊರಿನ ಒಲೆಗಳೆಲ್ಲ ಆರುತ್ತವೆ. ವರ್ಷದ ಬೂದಿ ತಿಪ್ಪೆಗೆ ಹೋಗುತ್ತದೆ. ಸೂಲಗಿತ್ತಿಯ ಒಲೆಯೊಂದೇ ಉರಿಯುತ್ತಿರುತ್ತದೆ. ಚಂದ್ರ ಹುಟ್ಟುವಾಗ ಅದರ ಬೆಂಕಿ ಕಟ್ಟೆಗೆ ಬರುತ್ತದೆ, ಕಾಮ ಸುಡುತ್ತಾನೆ, ಜನ ಬಾಯಿ ಬಡಿದುಕೊಂಡು ಅಳುತ್ತಾರೆ, ಅತ್ತು ಮುಗಿದ ಮೇಲೆ ಕಾಮನ ಕೆಂಡವನ್ನು ಮನೆಮನೆಗೂ ಒಯ್ದು ಹೊಸ ಒಲೆ ಹೊತ್ತಿಸುತ್ತಾರೆ. ಆ ಒಲೆಯ ಮೇಲೆ ಹೋಳಿಗೆ ಬೇಯುತ್ತದೆ.

ಕೆಳಕೇರಿಯ ಬೆಂಕಿ ಮೇಲುಕೇರಿಯ ಅಡುಗೆಮನೆಗೆ ಬಂತಲ್ಲ ಎಂದು ಯಾರಾದರೂ ಕೇಳಿದರೆ ಉತ್ತರ ಸಿದ್ಧವಿತ್ತು. ಬಂದದ್ದು ಕಾಮನ ಬೆಂಕಿ. ಅದರ ಮೈಲಿಗೆ ಕಾಮನ ಜೊತೆಯಲ್ಲೇ ಸುಟ್ಟುಹೋಯಿತು. ಉತ್ತರ ಎಷ್ಟು ಚೆನ್ನಾಗಿತ್ತೆಂದರೆ, ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಆ ವರ್ಷ ಊರಿಗೆ ಹೊಸ ಗೌಡ. ಅವನ ತಂದೆ ತೀರಿಕೊಂಡು ವರ್ಷ ತುಂಬಿತ್ತು. ಹೊಸ ಗೌಡ ಒಳ್ಳೆಯವನು, ಚುರುಕಿನವನು, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವನಲ್ಲ. ಊರಿಗೆ ಬರುವ ಕಷ್ಟಗಳಲ್ಲಿ ಇಂಥವರ ಪಾಲು ದೊಡ್ಡದು. ಗೌಡಕಿ ತನಗೆ ಸಿಗಬೇಕಿತ್ತು ಎಂದು ನಂಬಿದ್ದ ದಾಯಾದಿಯೊಬ್ಬ ದಿನವೂ ಕಟ್ಟೆಯ ಮೇಲೆ ಕೂತು ಹೊಸ ಗೌಡನ ಮೊದಲ ತಪ್ಪಿಗಾಗಿ ಕಾಯುತ್ತಿದ್ದ. ಗೌಡನಿಗೆ ಅದು ಗೊತ್ತಿತ್ತು. ಆದ್ದರಿಂದ ಮೊದಲ ಹೋಳಿಯಲ್ಲಿ ಒಂದು ಕೂದಲೆಳೆಯೂ ತಪ್ಪಬಾರದು ಎಂದುಕೊಂಡಿದ್ದ.

ತಂದೆಯ ಕಾಲದಲ್ಲಿ ತಳವಾರ ಹಿಂದಿನ ದಿನ ಹಲಗೆ ಬಾರಿಸಿ, “ನಾಳೆ ಹುಣ್ಣಿಮಿ, ಒಲಿ ಆರಿಸ್ರಿ” ಎಂದಷ್ಟೇ ಸಾರುತ್ತಿದ್ದ. ಹೊಸ ಗೌಡನಿಗೆ ಅದು ಸಡಿಲ ಎನಿಸಿತು. ಸೋಮಾರಿ ಹೆಂಗಸರು ಬೂದಿಯ ಕೆಳಗೆ ಕೆಂಡ ಮುಚ್ಚಿಟ್ಟುಕೊಳ್ಳುತ್ತಾರೆ ಎಂದು ಅವನು ಕೇಳಿದ್ದ. ಹೊಸ ಡಂಗುರ ಹೀಗಾಯಿತು: “ನಾಳೆ ಹುಣ್ಣಿಮಿ, ಒಲಿ ಆರಿಸ್ರಿ. ಊರಾಗ ಒಂದೂ ಬಿಡಬ್ಯಾಡ್ರಿ. ಬಿಟ್ಟವರಿಗೆ ದಂಡ ಐತಿ.”

ಬೆಳಿಗ್ಗೆ ಅವನು ಮೇಲುಕೇರಿಯ ಮನೆಮನೆಗೂ ಹೋಗಿ ಒಲೆಯೊಳಗೆ ಕೈಯಿಟ್ಟು ನೋಡಿದ. ಒಬ್ಬ ಮುದುಕಿ, “ಮೂರು ಮಂದಿ ಗೌಡರನ್ನ ನೋಡೀನಿ. ಒಲಿ ಬೂದಿಗೆ ಕೈ ಹಾಕಿದ ಗೌಡನ್ನ ಇವತ್ತ ನೋಡಿದೆ,” ಎಂದಳು. ಹೊಗಳಿದಳೋ ಬೈದಳೋ ಅವನಿಗೆ ತಿಳಿಯಲಿಲ್ಲ.

ಕೊನೆಗೆ ತನ್ನ ಮನೆಗೇ ಬಂದ. ತಾಯಿ ಅಡುಗೆ ಒಲೆ ತೋರಿಸಿದಳು. ತಣ್ಣಗಿತ್ತು. ಬಚ್ಚಲ ಒಲೆ ತೋರಿಸಿದಳು. ಅದೂ ತಣ್ಣಗಿತ್ತು. ಹಿಂದಿನ ಕೋಣೆಯಲ್ಲಿ ಗೌಡನ ಮಗಳ ಬಾಣಂತನ ನಡೆದಿತ್ತು. ಕೂಸಿಗೆ ಒಂದೂವರೆ ತಿಂಗಳು. ಬಾಣಂತಿಯ ಕೋಣೆಗೆ ಗಂಡಸರು ಹೋಗುವ ರೂಢಿ ಇಲ್ಲ. ಅವನೂ ಹೋಗಲಿಲ್ಲ. ಅಲ್ಲಿ ಒಲೆಯೂ ಇರಲಿಲ್ಲ. ಊರಿನ ಒಲೆಗಳೆಲ್ಲ ಆರಿವೆ ಎಂಬ ಸಮಾಧಾನದಿಂದ ಕಟ್ಟೆಗೆ ಹೋಗಿ ಕೂತ.

ಕಟ್ಟೆಯ ಮೇಲೆ ಎಲ್ಲ ಸಿದ್ಧವಾಗಿತ್ತು. ಕಾಮನ ಗೊಂಬೆ, ರತಿಯ ಗೊಂಬೆ, ಸುತ್ತ ಕದ್ದು ತಂದ ಕಟ್ಟಿಗೆ. ಕಾಮನಿಗೆ ಕದ್ದ ಕಟ್ಟಿಗೆಯೇ ಆಗಬೇಕು. ಕಳಕೊಂಡವರು ತುಟಿ ಬಿಚ್ಚುವಂತಿಲ್ಲ. ಊರಿನ ಜೋಯಿಸ ತನ್ನ ದನದ ಕೊಟ್ಟಿಗೆಯ ಬಾಗಿಲು ರಾಶಿಯ ನಡುವೆ ಇರುವುದನ್ನು ಕಂಡು, ಕಾಣದವನ ಹಾಗೆ ಪಂಚಾಂಗ ತಿರುವುತ್ತಿದ್ದ. ಬೆಳಿಗ್ಗೆಯಿಂದ ಯಾರ ಹೊಟ್ಟೆಗೂ ಬಿಸಿ ತುತ್ತು ಬಿದ್ದಿರಲಿಲ್ಲ. ಹಿಂದಿನ ದಿನವೇ ಬೇಯಿಸಿದ ಹೂರಣ ಅರೆದಿಟ್ಟಿತ್ತು, ಕಣಕ ನಾದಿಟ್ಟಿತ್ತು, ಹಸುಳೆಗಳು ಅಳುತ್ತಿದ್ದವು. ಬೆಂಕಿಯೊಂದು ಬರಬೇಕಿತ್ತು.

ಹೊತ್ತು ವಾಲಿದಾಗ ಪದ್ಧತಿಯಂತೆ ತಳವಾರ ಹುಲ್ಲಿನ ಸೂಡಿ ಹಿಡಿದು ಕೆಳಕೇರಿಗೆ ಹೋದ, ಬೆಂಕಿ ಹೇಗಿದೆ ನೋಡಿಬರಲು. ಹೋದಷ್ಟೇ ಬೇಗ ಹಿಂದಿರುಗಿದ.

“ಗೌಡ್ರ, ಅಲ್ಲಿ ಬೆಂಕಿ ಇಲ್ಲ.”

“ಇಲ್ಲ ಅಂದ್ರ? ಎಲ್ಲಿ ಹೋತು?”

“ಆರಿಸ್ಯಾರ.”

“ಯಾರ ಹೇಳಿದ್ರಲೇ ಅವರಿಗೆ ಆರಸಾಕ?”

ತಳವಾರ ಗೌಡನ ಮುಖ ನೋಡಿದ. ಆಮೇಲೆ ಗೌಡನ ಕಾಲು ನೋಡಿದ. “ನೀವ ರೀ,” ಎಂದ.

ಕಟ್ಟೆಯ ಮೇಲಿದ್ದ ದಾಯಾದಿ ಎಲೆ ಅಡಿಕೆ ಉಗಿದು ಬಂದು ಸರಿಯಾಗಿ ಕೂತ. ಕಾದದ್ದಕ್ಕೆ ಫಲ ಸಿಕ್ಕಿತ್ತು.

ಗೌಡ, ಜೋಯಿಸ, ಅವರ ಹಿಂದೆ ಅರ್ಧ ಊರು ಕೆಳಕೇರಿಯ ಮೊದಲ ಬೇವಿನ ಮರದ ತನಕ ಹೋಯಿತು. ಅದರಾಚೆ ಮೇಲುಕೇರಿಯವರು ಹೋಗುವುದಿಲ್ಲ. ಮರದಡಿಯೇ ನಿಂತು ಕೂಗಿದರು. ಸೂಲಗಿತ್ತಿಯ ಮನೆಯಿಂದ ಅವಳ ಸೊಸೆ ಹೊರಗೆ ಬಂದಳು. ಹೊಸ ಸೊಸೆ, ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ಸೂಲಗಿತ್ತಿ ಮನೆಯಲ್ಲಿರಲಿಲ್ಲ. ಕೋಳಿ ಕೂಗುವ ಮೊದಲೇ ಗುಡ್ಡದಾಚೆಯ ಹಟ್ಟಿಯಿಂದ ಹೆರಿಗೆಗೆ ಕರೆ ಬಂದಿತ್ತು.

“ಒಲಿ ಯಾಕ ಆರಿಸಿದೆವ್ವಾ?” ಎಂದ ಗೌಡ. ಧ್ವನಿ ಏರಿಸಬಾರದೆಂದು ಎಣಿಸಿದ್ದ, ಏರಿತು.

“ಒಂದೂ ಬಿಡಬ್ಯಾಡ್ರಿ ಅಂತ ಸಾರಿದ್ರಿ. ದಂಡ ಅಂದ್ರಿ.”

“ನಿಮ್ಮ ಮನಿ ಒಲಿ ಆರಿಸಬಾರದು. ಇಲ್ಲಿ ಪದ್ಧತಿ ಐತಿ. ನಿನಗ ಯಾರೂ ಹೇಳಲಿಲ್ಲೇನು?”

“ಆರಿಸ್ರಿ ಅಂತ ಹಲಗಿ ಬಾರಿಸಿ ಹೇಳಿದ್ರಿ. ಆರಿಸಬ್ಯಾಡ್ರಿ ಅಂತ ಯಾರೂ ಹಲಗಿ ಬಾರಿಸಲಿಲ್ಲ.”

ಗೌಡ ಅವಳ ಮನೆಯ ಕಡೆಗೆ ಕೈ ಮಾಡಿದ. ಬೂದಿಯನ್ನು ಕೆದರಿ ನೋಡು ಎಂದ. ಎರಡು ಕೊಡ ನೀರು ಸುರಿದು ಗೋಡೆಯವರೆಗೂ ಸಾರಿಸಿದ್ದೇನೆ ಎಂದಳು ಸೊಸೆ. ಕೆಲಸವನ್ನು ಅರ್ಧಕ್ಕೆ ಬಿಡುವ ಅಭ್ಯಾಸ ಅವಳಿಗೂ ಇರಲಿಲ್ಲ. ಕೆಳಕೇರಿಯ ಉಳಿದ ಮನೆಗಳನ್ನು ವಿಚಾರಿಸಿದರು. ಎಲ್ಲರೂ ದಂಡಕ್ಕೆ ಹೆದರಿದ್ದರು.

ಆಗ ಗೌಡ ಲೆಕ್ಕ ಹಾಕಿದ. ಊರಿನಲ್ಲಿ ಎಲ್ಲೂ ಬೆಂಕಿ ಇಲ್ಲ. ಅವನು ಹೇಳಿದಂತೆಯೇ ಎಲ್ಲರೂ ಮಾಡಿದ್ದರು. ತಪ್ಪು ಯಾರದೆಂದು ಹುಡುಕಿದರೆ ಎಲ್ಲ ದಾರಿಯೂ ತಿರುಗಿ ತನ್ನ ಬಳಿಗೇ ಬರುತ್ತಿತ್ತು.

“ಚಕಮಕಿ ತರ್ರಿ. ಹೊಸಾದು ಹೊತ್ತಿಸೋಣ,” ಎಂದ.

ಜೋಯಿಸ ಕಣ್ಣು ಮುಚ್ಚಿ ತೆರೆದ. “ಅದು ಕಲ್ಲಿನ ಬೆಂಕಿ. ಅದಕ್ಕ ಮನಿ ಇಲ್ಲ. ಕಾಮ ಸುಡೋದು ಮನಿ ಬೆಂಕಿಗೆ.”

“ಆಕಿ ಒಲಿಯೊಳಗ ಹೊತ್ತಿಸಿದ್ರ ಆಕಿ ಮನೀದ ಆಗತೈತಲ್ರಿ?”

“ಹೊತ್ತಿಸಿದ ಗಳಿಗಿಗೇ ಆಗೂದಿಲ್ಲ. ಅನ್ನ ಬೇಯಬೇಕು. ಬೆಂದದ್ದನ್ನ ಆ ಮನಿಯವರು ಉಣಬೇಕು. ಅವರ ಉಪವಾಸ ಬಿಡೋದು ಕಾಮ ಸುಟ್ಟ ಮ್ಯಾಲೆ.”

“ಅಂದ್ರ ಕಾಮ ಸುಡಾಕ ಅವರು ಉಣಬೇಕು, ಅವರು ಉಣಾಕ ಕಾಮ ಸುಡಬೇಕು?”

“ಹೌದು,” ಎಂದ ಜೋಯಿಸ. ಅವನಿಗೆ ಅದರಲ್ಲಿ ಯಾವ ತೊಡಕೂ ಕಾಣಲಿಲ್ಲ.

ಪಕ್ಕದ ಊರಿನಿಂದ ತರೋಣ ಎಂದ ಒಬ್ಬ. ಅದು ಆ ಊರಿನ ಕಾಮನ ಬೆಂಕಿ, ನಮ್ಮ ಕಾಮ ಅದಕ್ಕೆ ಮುಖ ಕೊಡುವುದಿಲ್ಲ ಎಂದ ಇನ್ನೊಬ್ಬ. ಚಂದ್ರ ಹುಟ್ಟುವುದರೊಳಗೆ ಬೆಂಕಿ ಬೀಳದಿದ್ದರೆ ಮುಂದಿನ ಹುಣ್ಣಿಮೆಯವರೆಗೆ ಊರಿನ ಯಾವ ಒಲೆಯನ್ನೂ ಹೊತ್ತಿಸುವಂತಿಲ್ಲ ಎಂದ ಮೂರನೆಯವನು. ಹಾಗೆ ಎಂದೂ ಆಗಿರಲಿಲ್ಲ. ಆದ್ದರಿಂದ ಹಾಗಾದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಖಚಿತವಾಗಿ ಗೊತ್ತಿತ್ತು. ಒಬ್ಬ ದನಗಳಿಗೆ ರೋಗ ಎಂದ, ಒಬ್ಬ ಬಾವಿ ಬತ್ತುತ್ತದೆ ಎಂದ.

“ದೊಡ್ಡಪ್ಪ ಇದ್ದಾಗ ಹಿಂಗ ಆಗಿರಲಿಲ್ಲ ನೋಡ್ರಿ,” ಎಂದ ದಾಯಾದಿ, ಯಾರಿಗೂ ಹೇಳದವನ ಹಾಗೆ, ಎಲ್ಲರಿಗೂ ಕೇಳುವ ಹಾಗೆ. “ಅಂವಾ ಒಲಿ ಆರಿಸಿಲ್ಲ, ಊರು ನಡಿಸಿದ.”

ಗೌಡ ಬೇವಿನ ಮರದ ಬೇರಿನ ಮೇಲೆ ಕೂತುಬಿಟ್ಟ. ಬೆಳಿಗ್ಗೆಯಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆದ. ಒಂದೊಂದೂ ಸರಿಯಾಗಿತ್ತು. ಒಟ್ಟು ಸೇರಿದರೆ ಮಾತ್ರ ತಪ್ಪಾಗುತ್ತಿತ್ತು. ಹೇಗೆ ಎಂದು ಎಷ್ಟು ಎಣಿಸಿದರೂ ತಿಳಿಯಲಿಲ್ಲ.

ಅಷ್ಟರಲ್ಲಿ ಗುಡ್ಡದ ದಾರಿಯಿಂದ ಸೂಲಗಿತ್ತಿ ಬಂದಳು. ಅರವತ್ತು ದಾಟಿದವಳು. ಆ ಗುಂಪಿನಲ್ಲಿ ಅವಳ ಕೈಯಲ್ಲಿ ಹುಟ್ಟದವರು ನಾಲ್ಕೈದು ಜನ ಇದ್ದರೇನೋ. ಗೌಡನೂ ಜೋಯಿಸನೂ ದಾಯಾದಿಯೂ ಅವಳ ಕೈಯಲ್ಲೇ ಮೊದಲು ಅತ್ತವರು. ಆಗ ಅವರು ಸರಿದು ನಿಂತಿರಲಿಲ್ಲ, ಈಗ ನಿಂತರು. ಅವಳು ಒಳಗೆ ಹೋಗಿ ಒಲೆ ನೋಡಿದಳು. ಹೊರಗೆ ಬಂದು ಸೊಸೆಗೆ ಹೇಳಿದಳು:

“ನೀ ಮಾಡಿದ್ದು ಸರಿ ಐತಿ ತಂಗಿ. ದೊಡ್ಡವರ ಮಾತು ಕೇಳಿದಿ. ಇನ್ನ ಮ್ಯಾಲ ಪೂರಾ ಕೇಳಬ್ಯಾಡ.”

“ಆಯೀ, ಈಗ ಏನ ಮಾಡೂನು?” ಎಂದ ಗೌಡ. ಧ್ವನಿ ಇಳಿದಿತ್ತು.

ಅವಳು ಬಿಸಿಲನ್ನು ನೋಡಿದಳು. “ಹೊತ್ತು ಐತಿ. ನಿಮ್ಮ ಮೊಮ್ಮಗೂಗ ಇವತ್ತ ಎರದಿಲ್ಲ. ಬಿಸಲಾಗ ಇಟ್ಟ ನೀರು ತಣ್ಣಗಾಗತಾವ. ಎರದು ಬರ್ತೀನಿ, ತಡೀರಿ.”

“ಊರಿಗೆ ಊರೇ ಇಲ್ಲಿ ಬಾಯಿ ಬಿಟಗೊಂಡ ನಿಂತೈತಿ. ನಿನಗ ಕೂಸಿನ ಚಿಂತಿ!” ಎಂದ ಗೌಡ.

“ಊರು ನಿಂತೈತಿ. ಕೂಸು ಅಳಾಕತ್ತಿರತೈತಿ,” ಎಂದು ಅವಳು ಬುಟ್ಟಿ ತೆಗೆದುಕೊಂಡು ಹಿತ್ತಲ ದಾರಿ ಹಿಡಿದು ಹೋದಳು.

ಬಾಳಯ್ಯ ಇಲ್ಲಿ ಬಾಯಿ ಹಾಕಿದ. “ಗುರುಗಳೇ, ಜೋಯಿಸ ಹೇಳಿದ್ದರಲ್ಲಿ ಯಾವುದು ಶಾಸ್ತ್ರ, ಯಾವುದು ಅವನ ಸ್ವಂತದ್ದು?”

“ಹಸಿದವರಿಗೆ ಅದು ತಿಳಿಯಲಿಲ್ಲ,” ಎಂದರು ಗುರುಗಳು. “ಕೇಳು.”

ಬೇವಿನ ನೆರಳು ಕೆಳಕೇರಿಯ ಬಾವಿಯನ್ನು ಮುಟ್ಟುವ ಹೊತ್ತಿಗೆ ಸೂಲಗಿತ್ತಿ ಹಿಂದಿರುಗಿದಳು. ತಲೆಯ ಮೇಲೆ ಬುಟ್ಟಿ ಇತ್ತು, ಬುಟ್ಟಿಯ ತುಂಬ ಒಗೆಯಲು ತಂದ ಬಾಣಂತಿಯ ಬಟ್ಟೆ. ಅಂಥ ಬುಟ್ಟಿಯ ಗಾಳಿಯೂ ಮೈಗೆ ಸೋಕಬಾರದು. ಜೋಯಿಸ ಮೂರು ಹೆಜ್ಜೆ ಹಿಂದೆ ಸರಿದು ಮುಖ ತಿರುಗಿಸಿದ. ಗೌಡ ಒಂದು ಹೆಜ್ಜೆ ಸರಿದ. ಅವನ ಮನೆಯದೇ ಬಟ್ಟೆ, ಆದ್ದರಿಂದ ಒಂದೇ ಹೆಜ್ಜೆ. ಅವಳು ಯಾರ ಕಡೆಗೂ ನೋಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಅವಳ ಮನೆಯ ಚಾವಣಿಯಿಂದ ಹೊಗೆ ಎದ್ದಿತು.

ಗುಂಪು ಮೊದಲು ಹೊಗೆಯನ್ನು ನೋಡಿತು. ಆಮೇಲೆ ಒಟ್ಟಿಗೇ ಮಾತಾಡಿತು. ಸೂಲಗಿತ್ತಿ ಬಾಗಿಲು ತೆಗೆದು, “ಬರ್ರಿ, ಸೂಡಿ ಹಚಗೋರಿ,” ಎಂದಳು.

ಜೋಯಿಸ ಬಿಡಲಿಲ್ಲ. “ಬೆಂಕಿ ಎಲ್ಲಿಂದ ಬಂತು?”

“ನಮ್ಮ ಒಲಿಯಾಗ ಉರಿಯಾಕತ್ತೈತಿ. ಕಾಣೂದಿಲ್ಲೇನ್ರಿ?”

“ಚಕಮಕಿ ಬಡಿದಿಲ್ಲ ತಾನೆ?”

“ಇಲ್ಲ. ಬೂದಿ ಕೆದರಿದೆ, ಕೆಂಡ ಸಿಕ್ಕಾವ.”

“ನಿನ್ನ ಸೊಸಿ ಇಲ್ಲ ಅಂದ್ಲಲ್ಲ?”

“ಹೊಸಾಕಿ ರೀ. ಯಾವ ಬೂದಿಯೊಳಗ ಏನೈತಿ ಅನ್ನೂದು ಆಕಿಗೇನ ಗೊತ್ತು?”

ಜೋಯಿಸ ಗೌಡನ ಕಡೆ ನೋಡಿದ. ಗೌಡ ಚಂದ್ರ ಹುಟ್ಟುವ ದಿಕ್ಕಿನ ಕಡೆ ನೋಡಿದ. ಎರಡು ಕೊಡ ನೀರು ಸುರಿದ ಒಲೆಯಲ್ಲಿ ಕೆಂಡ ಉಳಿಯುತ್ತದೆಯೇ ಎಂಬ ಪ್ರಶ್ನೆ ಅವನಿಗೆ ಬಂತು. ಬಂದಷ್ಟೇ ಬೇಗ ಅದನ್ನು ಹಿಂದಕ್ಕೆ ಕಳಿಸಿದ. “ಮನಿ ಬೆಂಕಿ, ಮನಿ ಒಲಿ. ನಡೀರಿ,” ಎಂದ. ದಾಯಾದಿಯ ಮುಖ ಸಣ್ಣದಾಯಿತು. ಗೌಡನಿಗೆ ಅಂದು ಅರ್ಥವಾದದ್ದು ಅದೊಂದೇ.

ತಳವಾರ ಉರಿಯುವ ಸೂಡಿ ಹಿಡಿದು ಮುಂದೆ ನಡೆದ. ಹಲಗೆಗಳು ಮೊಳಗಿದವು. ಕಟ್ಟೆಯ ಹತ್ತಿರ ಬಂದಾಗ ಜೋಯಿಸ ತಡೆದು, ಸೂಡಿಯ ಕಡೆಗೆ ಮೂಗು ಚಾಚಿ, ಹಿಂದಕ್ಕೆಳೆದುಕೊಂಡ.

“ಏನೋ ವಾಸನಿ ಐತಿ. ಪ್ರತಿ ವರ್ಷದಂಗಿಲ್ಲ. ಕೆಳಕೇರಿ ಮೈಲಿಗಿ ಈ ಸಲ ಹೆಚ್ಚಾಗೇತಿ. ಒಂದು ಸಲ ತೀರ್ಥ ಹಾಕಿದ್ರ ಹೋಗೂದಲ್ಲ.”

ಗೌಡನಿಗೂ ವಾಸನೆ ಬಂತು. ಯಾವುದೋ ಪರಿಚಯದ ವಾಸನೆ. ಎಲ್ಲಿಯದು ಎಂದು ಹೊಳೆಯಲಿಲ್ಲ. ಮೈಲಿಗೆಯ ವಾಸನೆ ತನಗೆ ಪರಿಚಯವಾದದ್ದು ಯಾವಾಗ ಎಂದು ಅವನು ಗಾಬರಿಗೊಂಡ. ಮೂಗು ಮುಚ್ಚಿಕೊಂಡ.

ಜೋಯಿಸ ಮೂರು ಸಲ ತೀರ್ಥ ಚಿಮುಕಿಸಿದ. ಮೂರನೆಯ ಸಲಕ್ಕೆ ಸೂಡಿ ಅರ್ಧ ಆರಿತು. ಅದು ಚರ್ ಎಂದು ಹೊಗೆ ಬಿಟ್ಟಾಗ, “ನೋಡ್ರಿ, ಹೊಂಟಿತು,” ಎಂದು ಕೈಯೆತ್ತಿ ತೋರಿಸಿದ. ಎಲ್ಲರೂ ನೋಡಿದರು. ಕೆಳಕೇರಿಯ ಮೈಲಿಗೆ ಬೆಂಕಿ ಬಿಟ್ಟು ಮೇಲಕ್ಕೆ ಹೋಗುವುದು ಎಲ್ಲರಿಗೂ ಕಂಡಿತು. ಗೌಡನಿಗೂ ಕಂಡಿತು, ಹೊಗೆಗೆ ಕಣ್ಣಲ್ಲಿ ನೀರು ಬರುತ್ತಿತ್ತು, ಆದರೂ ಕಂಡಿತು.

ಚಂದ್ರ ಹುಟ್ಟಿದ. ಕಾಮ ಹೊತ್ತಿಕೊಂಡ. ರತಿಯೂ, ಜೋಯಿಸನ ಕೊಟ್ಟಿಗೆಯ ಬಾಗಿಲೂ ಹೊತ್ತಿಕೊಂಡವು. ಜನ ಲಬೋ ಲಬೋ ಎಂದು ಬಾಯಿ ಬಡಿದುಕೊಂಡರು. ಜೋಯಿಸನ ದನಿಯಲ್ಲಿ ಆ ವರ್ಷ ನಿಜವಾದ ದುಃಖವಿತ್ತು. ಸೂಲಗಿತ್ತಿಯೂ ಅವಳ ಸೊಸೆಯೂ ಬೇವಿನ ಮರದ ಬಳಿ ನಿಂತು ನೋಡಿದರು. ಅದಕ್ಕಿಂತ ಹತ್ತಿರ ಅವರು ಬರುವಂತಿರಲಿಲ್ಲ. ಬೆಂಕಿ ಬರಬಹುದಿತ್ತು.

ಗೌಡ ಮೊದಲ ಕೆಂಡಗಳನ್ನು ಮಡಕೆಯ ಚೂರಿನಲ್ಲಿ ತುಂಬಿಕೊಂಡು ಮನೆಗೆ ಬಂದ. ತಾಯಿ ಅವುಗಳಿಗೆ ಅರಿಶಿನ ಕುಂಕುಮ ಹಾಕಿ ಕೈಮುಗಿದು ಒಲೆಗೆ ಇಳಿಸಿಕೊಂಡಳು. ಮುಟ್ಟಲು ಹೆದರಲಿಲ್ಲ; ಅವು ಈಗ ಮಡಿಯಾಗಿದ್ದವು. ಒಲೆ ಹೊತ್ತಿತು. ಹೆಂಚು ಕಾಯಿತು. 

“ನಾಕು ಕೆಂಡ ಈ ಕಡಿಗೂ ಕೊಡೋ,” ಎಂದಳು ತಾಯಿ. “ನಿನ್ನ ಮಗಳು ಇಳಿಹೊತ್ತಿನಿಂದ ಚಳಿ ಚಳಿ ಅನ್ನಾಕತ್ತಾಳ.”

ಅವನು ಬಾಣಂತಿಯ ಕೋಣೆಯ ಹೊಸ್ತಿಲಿನ ಈಚೆ ನಿಂತು, ಮುಖ ಆಚೆ ತಿರುಗಿಸಿ, ಸೌಟಿನಲ್ಲಿ ನಾಲ್ಕು ಕೆಂಡ ಒಳಗೆ ಚಾಚಿದ. ತಾಯಿ ತೆಗೆದುಕೊಂಡು ಮಂಚದ ಕೆಳಗೆ ಇಟ್ಟು, ಬಾಣಂತಿಗೂ ಕೂಸಿಗೂ ಒಳ್ಳೆಯದೆಂದು ದಿನದಂತೆ ಮೇಲೊಂದು ಚಿಟಿಕೆ ಓಮದ ಕಾಳು ಉದುರಿಸಿದಳು. ಘಮ್ ಎಂದು ಹೊಗೆ ಎದ್ದಿತು. ಕೂಸು ಸೀನಿತು.

ಗೌಡ ಸೌಟು ಹಿಡಿದು ಅಲ್ಲೇ ನಿಂತ. ಈ ವಾಸನೆಯನ್ನು ಇವತ್ತೇ ಇನ್ನೆಲ್ಲೋ ಕಂಡಿದ್ದೆ ಎನಿಸಿತು. ಎಲ್ಲಿ? ಹುಬ್ಬು ಗಂಟಿಕ್ಕಿ ಯೋಚಿಸಿದ. ಹೊಳೆಯುವ ಹಾಗಾಯಿತು. ಅಷ್ಟರಲ್ಲಿ ಅಡುಗೆಮನೆಯಿಂದ ಮೊದಲ ಹೋಳಿಗೆ ತುಪ್ಪದಲ್ಲಿ ಬೆಂದ ಕಂಪು ಬಂತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹೋಗಿ ಎಲೆಯ ಮುಂದೆ ಕೂತ. ಒಂಬತ್ತು ಹೋಳಿಗೆ ತಿಂದ. ಆಮೇಲೆ ಆ ವಾಸನೆಯ ನೆನಪೇ ಬರಲಿಲ್ಲ.

ಗುರುಗಳು ಎಣ್ಣೆಯ ಬಟ್ಟಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು.

ಬಾಳಯ್ಯ ಕಾದ. ಕತೆ ಮುಂದುವರಿಯಲಿಲ್ಲ.

“ಇಷ್ಟೇನಾ?” ಎಂದ. “ಒಲೆ ಆರಿತ್ತು, ಹೇಗೋ ಕೆಂಡ ಸಿಕ್ಕಿತು, ಕಾಮ ಸುಟ್ಟ, ಊರು ಉಂಡಿತು. ಇದರಲ್ಲಿ ನನ್ನ ಪ್ರಶ್ನೆಗೆ ಉತ್ತರ ಎಲ್ಲಿದೆ? ನಾನು ಈಗ ಮೊದಲಿಗಿಂತ ಹೆಚ್ಚು ಗೊಂದಲದಲ್ಲಿದ್ದೇನೆ.”

“ಜೋಯಿಸ ಎಷ್ಟು ಸಲ ತೀರ್ಥ ಚಿಮುಕಿಸಿದ?”

“ಮೂರು ಸಲ.”

“ಬೆಂಕಿಯಿಂದ ಏನು ಹೋಯಿತು?”

“ಕೆಳಕೇರಿಯ ಮೈಲಿಗೆ. ಎಲ್ಲರೂ ಕಣ್ಣಾರೆ ಕಂಡರು ಎಂದು ನೀವೇ ಹೇಳಿದಿರಿ.”

“ಕಂಡರು,” ಎಂದರು ಗುರುಗಳು.

ಹೊರಗೆ ಊರಿನ ಕಡೆಯಿಂದ ಹಲಗೆ ಬಾರಿಸುವ ಸದ್ದು ಕೇಳಿಸಿತು. ಯಾರೋ ಒಲೆ ಆರಿಸಿರೆಂದು ಸಾರುತ್ತಿದ್ದರು. ಬಾಳಯ್ಯ ಗಿಂಡಿ ಹಿಡಿದು ಎದ್ದ. ಎರಡು ಹೆಜ್ಜೆ ಹೋಗಿ ತಿರುಗಿ ನಿಂತ.

“ಗುರುಗಳೇ, ಎರಡು ಕೊಡ ನೀರು ಸುರಿದ ಒಲೆಯಲ್ಲಿ ಕೆಂಡ ಸಿಕ್ಕಿದ್ದಾದರೂ ಹೇಗೆ?”

ಗುರುಗಳು ಮೊಣಕಾಲಿನಿಂದ ಕಣ್ಣೆತ್ತದೆ ಹೇಳಿದರು:

“ಸೂಲಗಿತ್ತಿಯ ಬುಟ್ಟಿಯಲ್ಲಿ ಬಟ್ಟೆಯ ಕೆಳಗೆ ಗಡಿಗೆಯಲ್ಲಿ ಇದ್ದದ್ದು, ಗೌಡನ ಮಗಳ ಮಂಚದ ಕೆಳಗಿನ ಅಗ್ಗಿಷ್ಟಿಕೆಯ ಕೆಂಡ.”